ಹಳೇ ಆಟ, ಹೊಸ ಪಾಠ



ಹೋದ ಸಂಚಿಕೆಯಲ್ಲಿ ಗ್ರಹಣದ ಬಗ್ಗೆ ಲೇಖನ ಬಂದಿತ್ತು. ಈ ಸಲ ನಾನು ಕಂಪ್ಯೂಟರ್ ಆಟಗಳ ಬಗ್ಗೆ ಬರೆಯುತ್ತಿದ್ದೇನೆ. "ಆಟ" ಅಂದ ತಕ್ಷಣ ಮೇಷ್ಟ್ರುಗಳು ಪಕ್ಕದ ಲೇಖನಕ್ಕೆ ಹೋಗಿಬಿಡಬಾರದಾಗಿ ವಿನಂತಿ. ಕಂಪ್ಯೂಟರ್ ಕೋಣೆಯಲ್ಲಿ ಆಟ ಆಡಕೂಡದು ಎಂಬ ನಿಯಮ ನಮ್ಮ ಶಾಲೆಯಲ್ಲಿದೆ. ನಿಯಮ ಸರಿಯಾಗಿಯೇ ಇದೆ. ಆದರೆ ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ. ಒಂದು ಹಳೆಯ ಆಟವನ್ನು ನಮ್ಮ ಕೈಯಾರೆ ಮೊದಲಿಂದ ಕಟ್ಟಿದರೆ, ಆಡುವವನ ಕಣ್ಣಿಗೆ ಬೀಳದ ಗಣಿತ, ವಿಜ್ಞಾನ ಎಲ್ಲಾ ಹೊರಗೆ ಬರುತ್ತದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಕೊನೆಯಲ್ಲಿ ಗುರುಗಳಲ್ಲಿ ಒಂದು ಕೋರಿಕೆಯೂ ಇದೆ.

1. ಮರುರಚನೆ ಎಂದರೇನು?

ಹಿಂದೆ ಯಾರೋ ಮಾಡಿದ ಆಟವನ್ನು ಆಡಿ ನೋಡಿ, ಅದರ ನಿಯಮಗಳನ್ನು ಊಹಿಸಿ, ಅದೇ ರೀತಿ ನಡೆಯುವ ಆಟವನ್ನು ಹೊಸದಾಗಿ ತಯಾರಿಸುವುದಕ್ಕೆ ಮರುರಚನೆ ಅನ್ನೋಣ. ದುಡ್ಡಿನ ಆಸೆಯಿಲ್ಲದೆ, ಬರೀ ಹವ್ಯಾಸಕ್ಕಾಗಿ ಇದನ್ನು ಮಾಡುವವರು ಲೋಕದ ನಾನಾ ಕಡೆ ಇದ್ದಾರೆ. ಅವರಲ್ಲಿ ಶಾಲಾ ಮಕ್ಕಳೂ ಬಹಳ.

ಹಿಂದೆ ಒಂದು ಆಟ ಕಟ್ಟಬೇಕಾದರೆ ಕಠಿಣವಾದ ಕಂಪ್ಯೂಟರ್ ಭಾಷೆ ಕಲಿಯಲೇಬೇಕಿತ್ತು. ಇದನ್ನು ಸುಲಭ ಮಾಡಲು ಹಲವರು ಸಾಧನಗಳನ್ನು ತಯಾರಿಸಿದರು. ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಒಂದು ತಂತ್ರಾಂಶ ಹೊರತಂದರು. ಅದೇ ಮುಂದೆ 'ಗೇಮ್ ಮೇಕರ್' ಎಂದು ಹೆಸರಾಯಿತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಮಕ್ಕಳಿಗಾಗಿಯೇ 'ಸ್ಕ್ರ್ಯಾಚ್' ಎಂಬುದನ್ನು ಬಿಡುಗಡೆ ಮಾಡಿತು. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಇರುವುದು ಇದೇ.

ಸ್ಕ್ರ್ಯಾಚ್‌ನಲ್ಲಿ ಆಜ್ಞೆಗಳು ಬಣ್ಣಬಣ್ಣದ ತುಂಡುಗಳ ರೂಪದಲ್ಲಿವೆ. "10 ಹೆಜ್ಜೆ ನಡೆ", "ಅಂಚು ಮುಟ್ಟಿದರೆ ಪುಟಿ", "ಯಾವಾಗಲೂ ಮಾಡುತ್ತಿರು" ಇತ್ಯಾದಿ. ಒಂದರ ಕೆಳಗೆ ಒಂದನ್ನು ಕಚ್ಚಿಸಿ ಜೋಡಿಸಿದರೆ ಪ್ರೋಗ್ರಾಂ ತಯಾರು. ಇದಕ್ಕೆ ಕಾಸು ಕೊಡಬೇಕಿಲ್ಲ. ಒಂದು ಸಲ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಪರದೆ ಅಡ್ಡಕ್ಕೆ 480, ಎತ್ತರಕ್ಕೆ 360 ಅಳತೆ. ಸರಿಯಾಗಿ ನಡುವೆ (0, 0). ಬಲಕ್ಕೆ ಹೋದರೆ ಎಕ್ಸ್ ಹೆಚ್ಚುತ್ತದೆ, ಮೇಲಕ್ಕೆ ಹೋದರೆ ವೈ ಹೆಚ್ಚುತ್ತದೆ. ನಿರ್ದೇಶಾಂಕ ರೇಖಾಗಣಿತದ ಪಾಠದಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದದ್ದೇ ಇಲ್ಲಿ ಓಡಾಡುತ್ತದೆ, ಅಷ್ಟೇ.

2. ಪಾಂಗ್: ಚೆಂಡು ಹೇಗೆ ಪುಟಿಯುತ್ತದೆ?

ಮೊದಲ ಪಾಠಕ್ಕೆ ಪಾಂಗ್ ಆಟವೇ ಸರಿ. ಎಡಕ್ಕೊಂದು, ಬಲಕ್ಕೊಂದು ಬ್ಯಾಟು. ನಡುವೆ ಒಂದು ಚೆಂಡು. ಚೆಂಡು ಬ್ಯಾಟನ್ನು ತಪ್ಪಿಸಿಕೊಂಡು ಹೋದರೆ ಎದುರಿನವರಿಗೆ ಒಂದು ಅಂಕ.

ಇದು ಹುಟ್ಟಿದ್ದು 1972ರಲ್ಲಿ, ಅಮೆರಿಕದ ಅಟಾರಿ ಕಂಪನಿಯಲ್ಲಿ. ಕಂಪನಿಯ ನೋಲನ್ ಬುಶ್‌ನೆಲ್ ಅವರು, ಹೊಸದಾಗಿ ಸೇರಿದ್ದ ಅಲನ್ ಆಲ್ಕಾರ್ನ್ ಎಂಬ ಎಂಜಿನಿಯರಿಗೆ ಕೈ ಪಳಗಲಿ ಅಂತ ಕೊಟ್ಟ ಅಭ್ಯಾಸ ಇದು. ಅಂದರೆ ಪಾಂಗ್ ಕೂಡ ಒಂದು ಹೋಂವರ್ಕೇ! ಅದರಲ್ಲಿ ಪ್ರೋಗ್ರಾಂ ಅನ್ನುವುದೇ ಇರಲಿಲ್ಲ, ಎಲ್ಲಾ ಬರೀ ವಿದ್ಯುನ್ಮಂಡಲ. ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಪಾನಗೃಹದಲ್ಲಿ ಇಟ್ಟರು. ಸ್ವಲ್ಪ ದಿನಕ್ಕೆ ಅದು ಕೆಟ್ಟು ನಿಂತಿತು. ಬಿಚ್ಚಿ ನೋಡಿದರೆ, ನಾಣ್ಯಗಳು ತುಂಬಿ ತುಳುಕಿ ಯಂತ್ರ ಕಟ್ಟಿಕೊಂಡಿತ್ತು.

ಈಗ ಪಾಠಕ್ಕೆ ಬರೋಣ. ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂದು ಬೆಳಕಿನ ಪಾಠದಲ್ಲಿ ಓದಿದ್ದೇವೆ. ಚೆಂಡಿಗೂ ಇದನ್ನೇ ಹಾಕೋಣ. ಸ್ಕ್ರ್ಯಾಚ್‌ನಲ್ಲಿ ದಿಕ್ಕುಗಳ ಲೆಕ್ಕ ಹೀಗೆ: ಮೇಲಕ್ಕೆ 0, ಬಲಕ್ಕೆ 90, ಕೆಳಕ್ಕೆ 180, ಎಡಕ್ಕೆ −90. ಚೆಂಡು ಮೇಲಿನ ಅಥವಾ ಕೆಳಗಿನ ಗೋಡೆಗೆ ಬಡಿದರೆ,

ಹೊಸ ದಿಕ್ಕು = 180 − ಹಳೆ ದಿಕ್ಕು.

ಬ್ಯಾಟಿಗೆ ಬಡಿದರೆ,

ಹೊಸ ದಿಕ್ಕು = − ಹಳೆ ದಿಕ್ಕು.

ನಾನು ಮತ್ತು ನಮ್ಮ ತರಗತಿಯ ಇನ್ನಿಬ್ಬರು ಬೇಕೆಂತಲೇ ಮೊದಲು ಇಷ್ಟು ಮಾತ್ರ ಇಟ್ಟು ಕಟ್ಟಿ ನೋಡಿದೆವು. ಆಟ ನಡೆಯುತ್ತದೆ, ಆದರೆ ಎರಡು ನಿಮಿಷಕ್ಕೆ ಬೇಜಾರು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಚೆಂಡು 60 ಡಿಗ್ರಿಯಲ್ಲಿ ಹೊರಟರೆ 60, 120, −60, −120 ಈ ನಾಲ್ಕೇ ದಿಕ್ಕು. ಎಷ್ಟು ಸಲ ಪುಟಿದರೂ ಐದನೆಯ ದಿಕ್ಕು ಬರುವುದೇ ಇಲ್ಲ. ಬ್ಯಾಟಿನ ನಡುವೆ ಹೊಡೆದರೂ ಒಂದೇ, ತುದಿಯಲ್ಲಿ ಹೊಡೆದರೂ ಒಂದೇ. ಆಟಗಾರನ ಜಾಣತನಕ್ಕೆ ಜಾಗವೇ ಇಲ್ಲ.

ಆಲ್ಕಾರ್ನ್ ಇದಕ್ಕೆ ಕಂಡುಕೊಂಡ ಉಪಾಯ: ಬ್ಯಾಟನ್ನು 8 ಭಾಗ ಮಾಡಿದರು. ನಡುವಿನ ಭಾಗಕ್ಕೆ ತಾಗಿದರೆ ಚೆಂಡು ನೆಟ್ಟಗೆ ಹೋಗುತ್ತದೆ, ತುದಿಗೆ ಹೋದಷ್ಟೂ ಓರೆಯಾಗಿ ಹೋಗುತ್ತದೆ. ಜೊತೆಗೆ, ಚೆಂಡು ತಪ್ಪದೆ ಆಟ ಮುಂದುವರಿದಷ್ಟೂ ವೇಗ ಹೆಚ್ಚುತ್ತದೆ. ಇದನ್ನು ನಾವು ಒಂದೇ ಸಾಲಿನಲ್ಲಿ ಬರೆಯಬಹುದು. ಎಡಗಡೆ ಬ್ಯಾಟಿಗೆ,

ಹೊಸ ದಿಕ್ಕು = 90 − (ಚೆಂಡಿನ ವೈ − ಬ್ಯಾಟಿನ ವೈ).

ಬ್ಯಾಟಿನ ಉದ್ದ 80 ಇದ್ದರೆ, ನಡುವಿನಿಂದ ತುದಿಗೆ 40. ಆಗ ಚೆಂಡು 50 ಡಿಗ್ರಿಯಿಂದ 130 ಡಿಗ್ರಿವರೆಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಬಲಗಡೆ ಬ್ಯಾಟಿಗೆ −90ಕ್ಕೆ ಅದೇ ವ್ಯತ್ಯಾಸ ಕೂಡಿಸಿದರೆ ಆಯ್ತು.

ಈ ಸೂತ್ರದಿಂದ ಇನ್ನೊಂದು ಲಾಭವಿದೆ. ಬರೀ ಚಿಹ್ನೆ ಬದಲಿಸುವ ಮೊದಲಿನ ಸೂತ್ರದಲ್ಲಿ ಚೆಂಡು ಕೆಲವು ಸಲ ಬ್ಯಾಟಿಗೆ ಅಂಟಿಕೊಂಡು ಗಡಗಡ ನಡುಗುತ್ತದೆ. ಒಂದು ಸಲ ತಾಗಿ ತಿರುಗಿದ ಚೆಂಡು ಪೂರಾ ಹೊರಗೆ ಬರುವ ಮುಂಚೆಯೇ ಮತ್ತೆ ತಾಗಿದ ಲೆಕ್ಕವಾಗಿ, ವಾಪಸ್ ತಿರುಗುತ್ತದೆ. ಹೊಸ ಸೂತ್ರದಲ್ಲಿ ಎಷ್ಟು ಸಲ ತಾಗಿದರೂ ಎಡ ಬ್ಯಾಟಿನಿಂದ ಬಲಕ್ಕೇ ಹೋಗಬೇಕು. ಅಂಟುವ ಮಾತೇ ಇಲ್ಲ.

3. ಹಾವಿನ ಆಟ: ಹಾವು ಹರಿಯುವುದೇ ಇಲ್ಲ!

ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು ಬಟನ್ ಫೋನಿನಲ್ಲಿ ಆಡಿದ ಆಟ ಇದು. ನೋಕಿಯಾ 6110 ಫೋನಿಗಾಗಿ 1997ರಲ್ಲಿ ಫಿನ್ಲೆಂಡಿನ ಟನೇಲಿ ಅರ್ಮಾಂಟೊ ಇದನ್ನು ಬರೆದರು. ಅದೂ ಪೂರಾ ಹೊಸದಲ್ಲ. 1976ರಲ್ಲಿ ಗ್ರೆಮ್ಲಿನ್ ಎಂಬ ಅಮೆರಿಕದ ಕಂಪನಿ ಮಾಡಿದ 'ಬ್ಲಾಕೇಡ್' ಆಟದ ವಂಶದ್ದೇ ಈ ಹಾವು.

ಹಾವಿನ ಮೈಯಲ್ಲಿ 20 ಚೌಕ ಇವೆ ಅಂದುಕೊಳ್ಳಿ. ಹಾವು ಒಂದು ಹೆಜ್ಜೆ ಮುಂದೆ ಹೋದಾಗ ಎಷ್ಟು ಚೌಕಗಳನ್ನು ಸರಿಸಬೇಕು? ಕೇಳಿದವರೆಲ್ಲಾ "ಇಪ್ಪತ್ತು" ಅಂತಾರೆ. ಆದರೆ ಎರಡೇ ಕೆಲಸ ಸಾಕು. ತಲೆಯ ಮುಂದೆ ಒಂದು ಚೌಕ ಸೇರಿಸಿ, ಬಾಲದ ತುದಿಯ ಒಂದು ಚೌಕ ಅಳಿಸಿ. ನಡುವಿನವು ಇದ್ದಲ್ಲೇ ಇರುತ್ತವೆ. ನೋಡುವವರಿಗೆ ಮಾತ್ರ ಹಾವು ಹರಿದ ಹಾಗೆ ಕಾಣುತ್ತದೆ.

ಹಾವು ಹಣ್ಣು ತಿಂದರೆ ಉದ್ದ ಆಗಬೇಕಲ್ಲ? ಆ ಒಂದು ಹೆಜ್ಜೆಗೆ ಬಾಲ ಅಳಿಸಬೇಡಿ. ಮುಗೀತು! ಇದಕ್ಕೆ ಬೇಕಾದದ್ದು ಒಂದು ಪಟ್ಟಿ ಮಾತ್ರ. ಮುಂದಿನಿಂದ ಸೇರಿಸು, ಹಿಂದಿನಿಂದ ತೆಗೆ. ಪಡಿತರ ಅಂಗಡಿಯ ಸಾಲಿನಲ್ಲೂ ಇದೇ ತರ ಒಂದು ಕಡೆ ಸೇರುತ್ತಾರೆ, ಇನ್ನೊಂದು ಕಡೆ ಬಿಡುತ್ತಾರೆ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ 'ಕ್ಯೂ' ಅಂತಲೇ ಹೆಸರು.

4. ಸ್ಪೇಸ್ ಇನ್ವೇಡರ್ಸ್: ಯಂತ್ರದ ಬಡತನವೇ ಆಟದ ಸೊಗಸು

ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ಆಟ. ಒಂದೊಂದು ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಆಗಂತುಕರು ಆಕಾಶದಿಂದ ಮೆಲ್ಲಗೆ ಇಳಿಯುತ್ತಾರೆ. ಕೆಳಗಿನಿಂದ ನಾವು ಗುಂಡು ಹಾರಿಸಬೇಕು. ಅವರ ಸಂಖ್ಯೆ ಕಡಿಮೆಯಾದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಕೊನೆಯವನಂತೂ ಕೈಗೇ ಸಿಗುವುದಿಲ್ಲ. ಆಡುವವರ ಎದೆ ಡವಡವ ಅನ್ನುವುದು ಆಗಲೇ.

ಈ ವೇಗದ ಗುಟ್ಟು ಕೇಳಿ. ಆ ಯಂತ್ರದಲ್ಲಿದ್ದದ್ದು ಇಂಟೆಲ್ 8080 ಎಂಬ ಚಿಪ್. 55 ಚಿತ್ರಗಳನ್ನು ಒಟ್ಟಿಗೆ ಸರಿಸುವ ತಾಕತ್ತು ಅದಕ್ಕಿರಲಿಲ್ಲ. ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತಿತ್ತು, ಪ್ರತಿ ಸಲಕ್ಕೆ ಒಬ್ಬ ಆಗಂತುಕ ಮಾತ್ರ ಒಂದು ಹೆಜ್ಜೆ ಇಡುತ್ತಿದ್ದ. 55 ಜನರ ಸರದಿ ಮುಗಿಯಲು ಹತ್ತಿರ ಹತ್ತಿರ ಒಂದು ಸೆಕೆಂಡು. 30 ಜನ ಉಳಿದರೆ ಅರ್ಧ ಸೆಕೆಂಡು. ಒಬ್ಬನೇ ಉಳಿದರೆ ಪ್ರತಿ ಸಲವೂ ಅವನದೇ ಸರದಿ! ಹೀಗೆ ತಾನಾಗಿ ಬಂದ ವೇಗ ಆಟಕ್ಕೆ ಒಪ್ಪುತ್ತದೆ ಎಂದು ಕಂಡು ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು.

ಈಗಿನ ಕಂಪ್ಯೂಟರ್ 55 ಆಗಂತುಕರನ್ನೂ ಕಣ್ಣು ಮಿಟುಕಿಸುವುದರೊಳಗೆ ಸರಿಸುತ್ತದೆ. ಆದ್ದರಿಂದ ಇಂದು ಈ ಆಟವನ್ನು ಮತ್ತೆ ಕಟ್ಟಿದರೆ, ಚಿತ್ರಗಳು ಎಲ್ಲಾ ಹಾಗೇ ಇದ್ದರೂ ವೇಗ ಮೊದಲಿಂದ ಕೊನೆವರೆಗೆ ಒಂದೇ ಸಮ. ಆಟ ಸಪ್ಪೆ. ಹಳೇ ಯಂತ್ರದ ಬಡತನವನ್ನು ಹೊಸ ಯಂತ್ರಕ್ಕೆ ನಾವೇ ಕಲಿಸಿಕೊಡಬೇಕು:

ಪ್ರತಿ ಹೆಜ್ಜೆಗೆ ಕಾಯುವ ಸಮಯ = ಉಳಿದವರ ಸಂಖ್ಯೆ ÷ 60 ಸೆಕೆಂಡು.

ಪಾಂಗ್ ಆಟದಲ್ಲೂ ಇಂಥದ್ದೊಂದು ಇದೆ. ಅದರ ಬ್ಯಾಟು ಪರದೆಯ ಮೇಲಿನ ಅಂಚಿನವರೆಗೆ ಹೋಗುತ್ತಿರಲಿಲ್ಲ. ಅದು ವಿದ್ಯುನ್ಮಂಡಲದ ಕೊರತೆ. ಆದರೆ ಆ ಸಂದು ಇಲ್ಲದಿದ್ದರೆ ಇಬ್ಬರು ಒಳ್ಳೆ ಆಟಗಾರರ ನಡುವೆ ಆಟ ಮುಗಿಯುತ್ತಲೇ ಇರಲಿಲ್ಲ, ಅದಕ್ಕೇ ಆಲ್ಕಾರ್ನ್ ಸರಿಪಡಿಸಲಿಲ್ಲ. ಇಂಥ ವಿಷಯ ನೂರು ಸಲ ಆಡಿದರೂ ಹೊಳೆಯುವುದಿಲ್ಲ. ಕಟ್ಟಲು ಕೂತಾಗ ಮಾತ್ರ "ನಮ್ಮದು ಯಾಕೆ ಅದರ ಹಾಗೆ ಇಲ್ಲ?" ಎಂಬ ಪ್ರಶ್ನೆ ಏಳುತ್ತದೆ.

5. ಪ್ಯಾಕ್‌ಮ್ಯಾನ್: ನಾಲ್ಕು ದೆವ್ವ, ನಾಲ್ಕು ನಿಯಮ

1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೋರು ಇವಟಾನಿ ರೂಪಿಸಿದ ಆಟ. ಓಣಿ ಓಣಿಗಳಲ್ಲಿ ಚುಕ್ಕೆ ತಿನ್ನುತ್ತಾ ಓಡುವ ಹಳದಿ ಬಾಯಿಯೇ ಪ್ಯಾಕ್‌ಮ್ಯಾನ್. ಹಿಂದೆ ನಾಲ್ಕು ದೆವ್ವ. ನಾಲ್ಕೂ ಕೂಡಿ ಸಂಚು ಮಾಡಿ ಸುತ್ತುವರಿಯುವಂತೆ ಕಾಣುತ್ತದೆ. ನಿಜವಾಗಿ ಮಾತುಕತೆ ಏನೂ ಇಲ್ಲ. ಬೆನ್ನಟ್ಟುವಾಗ ಒಂದೊಂದಕ್ಕೂ ಒಂದೊಂದು ನಿಯಮ:

ಕೆಂಪು: ಪ್ಯಾಕ್‌ಮ್ಯಾನ್ ಇರುವ ಮನೆಗೇ ಗುರಿ.

ಗುಲಾಬಿ: ಪ್ಯಾಕ್‌ಮ್ಯಾನ್ ಮುಖ ಮಾಡಿದ ಕಡೆ 4 ಮನೆ ಮುಂದಕ್ಕೆ ಗುರಿ.

ಕಿತ್ತಳೆ: 8 ಮನೆಗಿಂತ ದೂರ ಇದ್ದರೆ ಪ್ಯಾಕ್‌ಮ್ಯಾನ್ ಕಡೆಗೆ, ಹತ್ತಿರ ಬಂದರೆ ತನ್ನ ಮೂಲೆಗೆ.

ನೀಲಿ: ಪ್ಯಾಕ್‌ಮ್ಯಾನ್‌ಗಿಂತ 2 ಮನೆ ಮುಂದಿನ ಬಿಂದುವಿಗೆ ಕೆಂಪು ದೆವ್ವದಿಂದ ಒಂದು ಗೆರೆ ಎಳೆದು, ಅಷ್ಟೇ ಉದ್ದ ಮುಂದಕ್ಕೆ ಚಾಚಿದರೆ ಸಿಗುವ ಜಾಗ.

ಹತ್ತನೇ ತರಗತಿಯವರೇ, ನೀಲಿಯ ನಿಯಮವನ್ನು ಇನ್ನೊಂದು ಸಲ ಓದಿ. ಕೆಂಪು ದೆವ್ವ ಮತ್ತು ನೀಲಿಯ ಗುರಿ, ಇವೆರಡರ ಮಧ್ಯಬಿಂದು ಗೊತ್ತಿದೆ. ಒಂದು ತುದಿ ಗೊತ್ತಿದೆ. ಇನ್ನೊಂದು ತುದಿ ಕಂಡುಹಿಡಿಯಬೇಕು. ಇದು ನಮ್ಮ ಪರೀಕ್ಷೆಯ ಲೆಕ್ಕ ಅಲ್ವೇ?

6. ಇದು ಕಾಪಿ ಅಲ್ಲವೇ?

"ಯಾರೋ ಮಾಡಿದ್ದನ್ನೇ ನೋಡಿ ಮಾಡೋದು ಕಾಪಿ ಹೊಡೆದ ಹಾಗಲ್ವೇನ್ರೇ?" ಅಂತ ನಮ್ಮ ತರಗತಿಯಲ್ಲೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನಿಗೆ ಉತ್ತರ ಎದುರಿಗೇ ಕಾಣುತ್ತದೆ. ಮರುರಚನೆಯಲ್ಲಿ ಒಳಗಿನ ಉತ್ತರ ಕಾಣುವುದಿಲ್ಲ. ನೆಂಟರ ಮನೆಯಲ್ಲಿ ಉಂಡ ಸಾರಿನ ರುಚಿ ನೆನಪಿಟ್ಟುಕೊಂಡು, ಏನೇನು ಹಾಕಿರಬಹುದು ಅಂತ ಊಹಿಸಿ ಅಮ್ಮ ಮನೆಯಲ್ಲಿ ಮಾಡುತ್ತಾರಲ್ಲ, ಹಾಗೆ ಇದು. ಊಹೆ, ಪ್ರಯೋಗ, ಹೋಲಿಕೆ ಮೂರೂ ಬೇಕು.

ಮೇಲಾಗಿ, ದೊಡ್ಡ ಆಟಗಳೇ ಒಂದರಿಂದ ಒಂದು ಹುಟ್ಟಿವೆ. ರಾಲ್ಫ್ ಬೇರ್ ಅವರ ಕೆಲಸದಿಂದ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಯಂತ್ರದಲ್ಲಿ ಟೆನಿಸ್ ಆಟವಿತ್ತು. ಬುಶ್‌ನೆಲ್ ಅದನ್ನು 1972ರ ಮೇ ತಿಂಗಳಲ್ಲಿ ನೋಡಿದ್ದರು, ಆಮೇಲೆ ಪಾಂಗ್ ಬಂತು. ಪಾಂಗ್‌ನಿಂದ ಇಟ್ಟಿಗೆ ಒಡೆಯುವ 'ಬ್ರೇಕ್‌ಔಟ್' 1976ರಲ್ಲಿ ಬಂತು. ಬ್ರೇಕ್‌ಔಟ್ ನೋಡಿ ನಿಶಿಕಾಡೊ ಸ್ಫೂರ್ತಿ ಪಡೆದರು. ರಷ್ಯಾದ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಟೆಟ್ರಿಸ್ ಮಾಡಿದಾಗ, ಅವರ ಎಲೆಕ್ಟ್ರೊನಿಕಾ 60 ಯಂತ್ರದಲ್ಲಿ ಚಿತ್ರವೇ ಬರುತ್ತಿರಲಿಲ್ಲ, ಆವರಣ ಚಿಹ್ನೆಗಳಿಂದಲೇ ಚೌಕ ಮೂಡಿಸಿದ್ದರು. ಅದನ್ನು ಐ.ಬಿ.ಎಂ. ಪಿ.ಸಿ.ಗೆ ತಂದ ವಾಡಿಮ್ ಗೆರಾಸಿಮೊವ್‌ಗೆ ಆಗ ವಯಸ್ಸು 16. ಹೆಚ್ಚು ಕಡಿಮೆ ನಮ್ಮ ವಯಸ್ಸೇ!

ಹಾಗಂತ ಎಲ್ಲೆಯೇ ಇಲ್ಲ ಎಂದಲ್ಲ. ಮ್ಯಾಗ್ನವಾಕ್ಸ್ ಕಂಪನಿ 1974ರಲ್ಲಿ ಅಟಾರಿ ಮೇಲೆ ಮೊಕದ್ದಮೆ ಹೂಡಿತು, 1976ರಲ್ಲಿ ರಾಜಿಯಾಯಿತು. 2012ರಲ್ಲಿ ಅಮೆರಿಕದ ಒಂದು ನ್ಯಾಯಾಲಯ, ಟೆಟ್ರಿಸ್ ಹಾಗೇ ಕಾಣುವ 'ಮಿನೊ' ಎಂಬ ಆಟ ಮಾಡಿದ ಕ್ಸಿಯೊ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಅದರ ಸಾರ ಇಷ್ಟು: ಆಟದ ನಿಯಮ ಯಾರೊಬ್ಬರ ಸೊತ್ತೂ ಅಲ್ಲ, ಆದರೆ ಅದರ ರೂಪ, ಚಿತ್ರಣ ಮಾಡಿದವರ ಸೊತ್ತು. ಚೌಕಾಬಾರದ ಮನೆ ಬರೆಯಲು ಯಾರ ಅಪ್ಪಣೆಯೂ ಬೇಡ, ಆದರೆ ಇನ್ನೊಬ್ಬರು ಬರೆದ ಚಿತ್ರವನ್ನು ನಮ್ಮದು ಅನ್ನಬಾರದು.

ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ಟಿ ಅವರ ಕಥೆಯೂ ತಿಳಿದಿರಲಿ. ನಿಂಟೆಂಡೊ ಕಂಪನಿಯ 1991ರ 'ಮೆಟ್ರಾಯ್ಡ್ 2' ಆಟವನ್ನು ಗೇಮ್ ಮೇಕರ್‌ನಲ್ಲಿ ವರ್ಷಗಟ್ಟಲೆ ಕೂತು ಮತ್ತೆ ಕಟ್ಟಿ, 2016ರ ಆಗಸ್ಟ್‌ನಲ್ಲಿ ಪುಕ್ಕಟೆಯಾಗಿ ಹಂಚಿದರು. ಕೆಲವೇ ದಿನಗಳಲ್ಲಿ ಕಂಪನಿ ಕಾನೂನು ನೋಟಿಸು ಕೊಟ್ಟು ಅದನ್ನು ತೆಗೆಸಿತು. 2017ರಲ್ಲಿ ಕಂಪನಿಯೇ ಅದೇ ಆಟದ ತನ್ನ ಮರುರಚನೆ ತಂದಿತು. ಗ್ವಾಸ್ಟಿಯವರ ಆಟ ಹೋಯಿತು, ಕಲಿತ ವಿದ್ಯೆ ಹೋಗಲಿಲ್ಲ. 2020ರಲ್ಲಿ ಬಂದ 'ಓರಿ' ಸರಣಿಯ ಎರಡನೇ ಆಟಕ್ಕೆ ಅವರು ಹಂತಗಳನ್ನು ರೂಪಿಸುವ ಕೆಲಸ ಮಾಡಿದರು.

ಆದ್ದರಿಂದ ನಾವು ಮೂವರು ಹಾಕಿಕೊಂಡ ನಿಯಮ ಹೀಗಿದೆ: ಚಿತ್ರ, ಶಬ್ದ ನಮ್ಮದೇ ಇರಬೇಕು. ಮೊದಲ ಪರದೆಯಲ್ಲಿ ಮೂಲ ಆಟದ ಹೆಸರು, ಮಾಡಿದವರ ಹೆಸರು, ವರ್ಷ ಬರೆಯಬೇಕು. ಮಾರಬಾರದು.

7. ಕಟ್ಟುವ ಕ್ರಮ ಮತ್ತು ಕೋರಿಕೆ

ಮೊದಲು ಆಟವನ್ನು ನೋಡಿ, ನಿಯಮಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡನೆಯದು, ಯಾವ ಸಂಖ್ಯೆ ಬದಲಾಗುತ್ತದೆ ಎಂದು ಗುರುತಿಸಿ ಅದಕ್ಕೆ ಚರಾಕ್ಷರ ಇಡಬೇಕು. ಮೂರನೆಯದು, ಒಂದು ಸಲಕ್ಕೆ ಒಂದೇ ನಿಯಮ ಜೋಡಿಸಿ ಓಡಿಸಿ ನೋಡಬೇಕು. ನಾಲ್ಕನೆಯದು, ಮೂಲದ ಜೊತೆ ಹೋಲಿಸಿ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು. ಮೊದಲೆರಡು ಕೆಲಸಕ್ಕೆ ಕಂಪ್ಯೂಟರೇ ಬೇಡ, ಕರೆಂಟ್ ಹೋದಾಗಲೂ ಮಾಡಬಹುದು.

ಗುರುಗಳಲ್ಲಿ ನನ್ನ ಕೋರಿಕೆ ಇದು. ಶನಿವಾರದ ಕೊನೆಯ ಅವಧಿಯನ್ನು ಆಟ ಕಟ್ಟುವುದಕ್ಕೆ ಬಿಟ್ಟುಕೊಡಬೇಕು. ಈಗ ನಾಲ್ಕು ಕಂಪ್ಯೂಟರ್ ನಡೆಯುತ್ತಿವೆ, ಒಂದಕ್ಕೆ ಮೂವರಂತೆ ಹನ್ನೆರಡು ಜನ ಕೂರಬಹುದು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅಪ್ಪನ ಫೋನಿನಲ್ಲಿ ಆಡೋಕೆ ಬರುತ್ತೆ, ಕಟ್ಟೋಕೆ ಆ ಕೋಣೆ ಬಿಟ್ಟರೆ ಬೇರೆ ಜಾಗ ಇಲ್ಲ. ನಾವು ಹತ್ತನೇ ತರಗತಿಯವರು ಪರೀಕ್ಷೆ ಮುಗಿಸಿ ಹೊರಟುಬಿಡುತ್ತೇವೆ. ಅಷ್ಟರಲ್ಲಿ ಎಂಟನೇ ತರಗತಿಯವರಿಗೆ ಹೇಳಿಕೊಟ್ಟರೆ ವಿದ್ಯೆ ಶಾಲೆಯಲ್ಲೇ ಉಳಿಯುತ್ತದೆ. ಅವಧಿಯಲ್ಲಿ ಯಾರಾದರೂ ಬರೀ ಆಡುತ್ತಾ ಕೂತರೆ ಎಬ್ಬಿಸಿ ಕಳಿಸುವ ಜವಾಬ್ದಾರಿ ನನ್ನದು. 'ನೋಡಿ ಕಲಿ, ಮಾಡಿ ತಿಳಿ' ಅಂತ ನೀವೇ ಹೇಳಿಕೊಟ್ಟದ್ದು.

ಅಭ್ಯಾಸ (ಉತ್ತರ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ)

ಅ) ಎಡ ಬ್ಯಾಟಿನ ವೈ 20, ಚೆಂಡಿನ ವೈ 45. ಚೆಂಡು ಯಾವ ದಿಕ್ಕಿಗೆ ಪುಟಿಯುತ್ತದೆ?

ಆ) 12 ಆಗಂತುಕರು ಉಳಿದಿದ್ದಾರೆ. ಒಂದು ಹೆಜ್ಜೆಗೆ ಎಷ್ಟು ಸೆಕೆಂಡು ಕಾಯಬೇಕು?

ಇ) ಕೆಂಪು ದೆವ್ವ (2, 3)ರಲ್ಲಿದೆ. ಪ್ಯಾಕ್‌ಮ್ಯಾನ್‌ಗಿಂತ 2 ಮನೆ ಮುಂದಿನ ಬಿಂದು (6, 5). ನೀಲಿಯ ಗುರಿ ಎಲ್ಲಿ?

ಈ) ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಎಷ್ಟು ಬೇರೆ ಬೇರೆ ಆಕಾರ ಮಾಡಬಹುದು? ತಿರುಗಿಸಿದರೆ ಒಂದೇ ಆಗುವುದನ್ನು ಒಂದೇ ಎಂದು ಎಣಿಸಿ, ಮಗುಚಿ ಹಾಕುವಂತಿಲ್ಲ. ರಟ್ಟು ಕತ್ತರಿಸಿ ಮಾಡಿ ನೋಡಿ. ಟೆಟ್ರಿಸ್ ಆಟದಲ್ಲಿ ಬೀಳುವುದು ಅಷ್ಟೇ ಆಕಾರಗಳು.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ